ಹೊಟ್ಟೆಯ ಮೇಲೆ ಕೂತ ಚೊಂಬು

ಆಗ ನನಗೆ ಅರವತ್ತೆರಡು. ಏಳು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ಯಾರಾದರೂ ಏನೋ ಕಂಡೆ, ಏನೋ ಮುಟ್ಟಿತು ಅಂದರೆ, ಕೆಲಸ ಕಡಿಮೆಯಾಗಿದೆ ನಿನಗೆ ಅನ್ನುತ್ತಿದ್ದೆ. ಈಗಲೂ ಬೇರೆಯವರಿಗೆ ಅದನ್ನೇ ಅನ್ನುತ್ತೇನೆ. ನನಗೆ ಆದದ್ದಕ್ಕೆ ಮಾತ್ರ ಏನನ್ನಬೇಕೋ ತಿಳಿಯದು. ನೀವು ನಂಬಲೇಬೇಕು ಅಂತಿಲ್ಲ.

ನಾವು ಲಿಂಗಸುಗೂರು ಕಡೆಯವರು. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದು ಕುಷಾಯಿಗೂಡದಲ್ಲೇ ಉಳಿದೆವು. ಒಂದು ದಿನ ಕಲಸಿದ ಸಿಮೆಂಟಿನ ಬುಟ್ಟಿ ಎತ್ತುವಾಗ ಹೊಟ್ಟೆಯೊಳಗೆ ಏನೋ ತಿರುಚಿದಂತಾಯಿತು. ನಮ್ಮಲ್ಲಿ ಭಾರ ಎತ್ತಿ ಹೊಟ್ಟೆ ನೊಂದರೆ ಹೊಕ್ಕಳು ಸರಿದಿದೆ ಅನ್ನುತ್ತಾರೆ. ಹೊಕ್ಕಳ ಮೇಲೆ ಉರಿಯುವ ಹಣತೆ ಇಟ್ಟು, ಅದರ ಮೇಲೆ ಚೊಂಬು ಬೋರಲು ಹಾಕುತ್ತಾರೆ. ದೀಪ ಆರುತ್ತದೆ, ಚೊಂಬು ಚರ್ಮವನ್ನು ಗಟ್ಟಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಅದು ತಾನಾಗಿ ಬಿಟ್ಟಾಗ ಹೊಕ್ಕಳು ಜಾಗಕ್ಕೆ ಬಂತು ಅಂತ. ಇದಕ್ಕೆ ಪಕ್ಕದ ಮನೆಯ ನಾಗಮ್ಮನ ಕೈ ಹೆಸರಾಗಿತ್ತು.

"ಈ ವಯಸ್ಸಿನಾಗ ಗಂಡಸರಂಗ ಬುಟ್ಟಿ ಎತ್ತಿದ್ರ ಇನ್ನೇನಾಕೈತಿ? ಹೊಕ್ಕಳ ಸರದೈತಿ," ಅಂದಳು.

"ನಿನ್ನ ಬಾಯಿ ಸರದೈತಿ. ಮೊದಲ ಅದನ್ನ ಎಳಕೊ," ಅಂದು ಮಲಗಿದೆ.

ಎರಡು ದಿನ ಚೊಂಬು ಹಾಕಿದಳು. ನೋವು ಬಿಡಲಿಲ್ಲ. ಆಮೇಲೆ ಹಸಿರು ವಾಂತಿಯಾಯಿತು, ಹೊಟ್ಟೆ ಕಲ್ಲಿನಂತೆ ಬಿಗಿಯಾಯಿತು. ಮಗಳು ಮಹಾದೇವಿ ಆಟೊದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಕರುಳು ತಿರುಚಿಕೊಂಡು ಒಂದು ಮೊಳದಷ್ಟು ಕರ್ರಗಾಗಿತ್ತಂತೆ. ತಡಮಾಡಿದಿರಿ ಅಂತ ಬೈದು, ಅಷ್ಟನ್ನು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಹೊಲಿದರು.

ಆಪರೇಷನ್ ಆದಮೇಲೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ನೋವಿಲ್ಲ, ಹಸಿವಿಲ್ಲ, ಭಯವೂ ಇಲ್ಲ. ಮಗಳು ಅತ್ತರೆ ಯಾರೋ ಅಳುತ್ತಿದ್ದಾರೆ ಅನ್ನಿಸುತ್ತಿತ್ತು. ಡಾಕ್ಟರಮ್ಮ ಬಂದಾಗಲೆಲ್ಲ ಗಾಳಿ ಹೋಯಿತೇ ಅಂತ ತೆಲುಗಿನಲ್ಲಿ ಕೇಳುತ್ತಿದ್ದಳು. ಕರುಳು ಕೆಲಸ ಶುರುಮಾಡಿದ ಗುರುತು ಅದೇ ಅಂತೆ.

"ಯವ್ವಾ, ಹೋದ್ರ ಹೋತು ಅನ್ನು. ನಾಚಗೋಬ್ಯಾಡ," ಅಂದಳು ಮಹಾದೇವಿ.

"ಇಷ್ಟು ವರ್ಷ ಯಾರೂ ಕೇಳಿದ್ದಿಲ್ಲ. ಈಗ ಊರೆಲ್ಲಾ ಕೇಳಾಕತ್ತೈತಿ," ಅಂದೆ.

ಕೆಲವು ದಿನಕ್ಕೆ ಅದೂ ಹೋಯಿತು. ಮಧ್ಯಾಹ್ನದಿಂದ ಗಂಜಿ ಕೊಡಿ ಅಂದರು. ಮಹಾದೇವಿ ಗಂಜಿ ತರಲು ಕೆಳಗೆ ಹೋದಳು. ವಾರ್ಡಿನ ತುಂಬ ನೋಡಲು ಬಂದ ಜನ, ಗದ್ದಲ. ನಾನು ಎಚ್ಚರವಾಗಿಯೇ ಇದ್ದೆ, ಫ್ಯಾನು ನೋಡುತ್ತಿದ್ದೆ. ಆಗ ಹೊಟ್ಟೆಯ ಮೇಲೆ ಚೊಂಬು ಕೂತಿತು. ಕೂತಂತಾಯಿತು ಅಲ್ಲ, ಕೂತಿತು. ಅಂಚು ಬಿಸಿ ಇತ್ತು. ಆರಿದ ಬತ್ತಿಯ ವಾಸನೆ ಬಂತು. ಎಳೆಯಲು ಶುರುವಾಯಿತು. ಆದರೆ ಹೊಕ್ಕಳ ಮೇಲಲ್ಲ, ಅದರಿಂದ ಬಲಕ್ಕೆ, ನಾಗಮ್ಮ ಎಂದೂ ಇಡದ ಜಾಗದಲ್ಲಿ. ತಲೆ ಎತ್ತಿ ನೋಡಿದರೆ ಹೊದಿಕೆ ಬಿಟ್ಟು ಏನೂ ಇಲ್ಲ.

ಮಹಾದೇವಿ ಗಂಜಿ ತಂದು ಚಮಚ ಬಾಯಿಗೆ ಹಿಡಿದಳು. ಎಳೆತ ಜೋರಾಯಿತು. ಅವಳ ಕೈ ತಳ್ಳಿದೆ.

"ಒಲ್ಲೆ. ಮೊದಲ ಚೊಂಬು ತಗಿ ಅನ್ನು ಅಕಿಗೆ."

"ಯಾರಿಗೆ? ಇಲ್ಲಿ ಯಾರದಾರ, ಯವ್ವಾ?"

ಹೆದರಿ ನರ್ಸನ್ನು ಕರೆದಳು. ನರ್ಸು ಹೊದಿಕೆ ತೆಗೆದಳು. ಹೊಟ್ಟೆಯ ಬಲಗಡೆ, ಚೊಂಬಿನ ಬಾಯಿಯಷ್ಟೇ ಅಗಲದ ಕೆಂಪು ಬಳೆ ಮೂಡಿತ್ತು. ಡಾಕ್ಟರಮ್ಮ ಬಂದು ಅಲ್ಲಿ ಒತ್ತಿದಳು, ಮುಖ ಬದಲಾಯಿತು. ಸಂಜೆಯೊಳಗೆ ಮತ್ತೆ ಹೊಟ್ಟೆ ಕೊಯ್ದರು. ಹೊಲಿಗೆ ಬಿಟ್ಟು ಕರುಳಿನೊಳಗಿನದೆಲ್ಲ ಹೊಟ್ಟೆಗೆ ಸೋರುತ್ತಿತ್ತಂತೆ, ಸರಿಯಾಗಿ ಆ ಬಳೆಯ ಕೆಳಗೆ. ಗಂಜಿ ಕುಡಿದು ಮಲಗಿದ್ದರೆ ಬೆಳಗಾಗುತ್ತಿರಲಿಲ್ಲ ಅಂದರು. ಈ ಸಲ ಸೇರಿಸಿ ಹೊಲಿಯಲಿಲ್ಲ. ಕರುಳಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತಂದು ಚೀಲ ಅಂಟಿಸಿದರು. ಮುಂದೆ ಒಳಗೆ ಸೇರಿಸುತ್ತೇವೆ ಅಂದಿದ್ದರು. ಮೂರನೆಯ ಸಲ ಕೊಯ್ಯಿಸಿಕೊಳ್ಳಲು ನಾನೇ ಹೋಗಲಿಲ್ಲ. ಚೀಲ ಈಗಲೂ ಇದೆ.

ಡಾಕ್ಟರಮ್ಮನನ್ನು ಆಮೇಲೊಮ್ಮೆ ಕೇಳಿದೆ. ಒಳಗೆ ಕೀವಾದರೆ ಚರ್ಮ ಕೆಂಪಾಗುತ್ತದೆ ಅಂದಳು. ಬಳೆಯ ಹಾಗೆ, ನಡುವೆ ಏನೂ ಆಗದೆಯೇ ಅಂದೆ. ನೀನು ಉಳಿದೆಯಲ್ಲ ಅಮ್ಮಾ ಅಂದು ಮುಂದಿನ ಮಂಚಕ್ಕೆ ಹೋದಳು. ಮಗಳು ಜ್ವರದ ಭ್ರಮೆ ಅನ್ನುತ್ತಾಳೆ. ಬಳೆಯನ್ನು ಅವಳೂ ನೋಡಿದ್ದಾಳೆ. ಆ ಮಧ್ಯಾಹ್ನ ನನ್ನ ಹೆಸರಿನಲ್ಲಿ ಏನಾದರೂ ಮಾಡಿದೆಯಾ ಅಂತ ನಾಗಮ್ಮನನ್ನೂ ಕೇಳಿದೆ.

"ನಿನ್ನ ಹೊಟ್ಟಿ ಕೊಯ್ದ ಸುದ್ದಿ ಬಂದ ದಿನಾನ ಚೊಂಬು ಗುಜರಿಗೆ ಹಾಕೀನಿ," ಅಂದಳು. "ಇನ್ನ ಯಾರ ಹೊಟ್ಟೀನೂ ಮುಟ್ಟಂಗಿಲ್ಲ."

ಅವಳ ಚೊಂಬಿನಿಂದಲೇ ತಡವಾದದ್ದು, ಅದು ನಿಜ. ಅದೇ ಬಂದು ಎಚ್ಚರಿಸಿತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲ ಅನ್ನಲೂ ಬರುವುದಿಲ್ಲ.

ಎರಡನೆಯ ಆಪರೇಷನ್ನಿನ ಮರುದಿನ ಬೆಳಿಗ್ಗೆ ನರ್ಸು ಹೊದಿಕೆ ಸರಿಸಿ ಚೀಲ ತೋರಿಸಿದಳು. ಒಳಗೆ ನನ್ನ ಕರುಳು, ಕೆಂಪಗೆ, ಒದ್ದೆಯಾಗಿ. ಮಹಾದೇವಿ ಮುಖ ತಿರುಗಿಸಿದಳು. ನಾನು ಚೀಲದ ಮೇಲಿಂದಲೇ ಬೆರಳಿಟ್ಟು ಒತ್ತಿದೆ. ಬೆರಳಿಗೆ ಬಿಸಿ ತಿಳಿಯಿತು. ಕರುಳಿಗೆ ಏನೂ ತಿಳಿಯಲಿಲ್ಲ. ಸೋರಿದ್ದನ್ನು ಆ ಮಧ್ಯಾಹ್ನ ನನಗೆ ತಿಳಿಸಿದ್ದು ಇದಾಗಿರಲಾರದು. ಇನ್ನೊಂದು ಸಲ ಒತ್ತಿ ನೋಡಿ, ಹೊದಿಕೆ ಎಳೆದುಕೊಂಡೆ.