ಬೋರ್ಡ್ ರುದ್ರಣ್ಣನ ಬೆರಳು

ಪಾಸ್‌ವರ್ಡ್ ನನಗೇ ಮರೆತುಹೋಗಿದೆ ಎಂಬ ಒಂದು ಮಾತನ್ನು ನಾನು ಅಣ್ಣನಿಗೆ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಬುಕ್ಕಾಂಬುಧಿಯ ಶಾಲೆಯ ಗೋಡೆಯ ಮೇಲೆ ಇವತ್ತು ಅವನ ಅಕ್ಷರ ಇರುತ್ತಿತ್ತು.

ಅಣ್ಣ ರುದ್ರಣ್ಣ ಅಜ್ಜಂಪುರದಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ. ಖಾಲಿ ಗೋಡೆ ಕಂಡರೆ ಸಾಕು, ಅವನ ತೋರುಬೆರಳು ಗಾಳಿಯಲ್ಲಿ ಬರೆಯಲು ಶುರುಮಾಡುತ್ತಿತ್ತು. ಬಸ್ಸಿನಲ್ಲಿ ನಿಂತರೆ ಮುಂದಿನವರ ಬೆನ್ನಿನ ಮೇಲೂ ಬರೆಯುತ್ತಿದ್ದ, ಮುಟ್ಟದೆ. ಹೆಣ್ಣು ನೋಡಿ ಬಂದ ದಿನ ಅವ್ವ "ಹುಡುಗಿ ಹೆಂಗವ್ಳೋ?" ಎಂದು ಕೇಳಿದರೆ, "ಬಾಗ್ಲ ಮೇಲೆ ಮನೆ ಹೆಸರು ಯಾರೋ ಕೆಡಿಸವ್ರೆ ಕಣವ್ವ" ಎಂದನಂತೆ. ಮದುವೆಯಾದ ಮೇಲೆ ಮಾವನ ಮನೆಯಲ್ಲಿ ಅವನು ಮಾಡಿದ ಮೊದಲ ಕೆಲಸ ಆ ಹೆಸರನ್ನು ಕೆರೆದು ಮತ್ತೆ ಬರೆದದ್ದು.

ದಾರಕ್ಕೆ ನೀಲಿ ಪುಡಿ ತಿಕ್ಕಿ, ಬಿಗಿಯಾಗಿ ಎಳೆದು ಗೋಡೆಗೆ ಚಟ್ಟೆಂದು ಹೊಡೆದು ಗೆರೆ ಮೂಡಿಸುತ್ತಿದ್ದ. ಒತ್ತಕ್ಷರ ಎಲ್ಲಿ ಬರುತ್ತದೆಂದು ಮೊದಲೇ ನೋಡಿಕೊಂಡು ಕೆಳಗೆ ಜಾಗ ಬಿಡುತ್ತಿದ್ದ. "ಳ ಅಂದ್ರೆ ಮಲಗಿರೋ ಎಮ್ಮೆ ಕಣೋ, ಅವಸರ ಮಾಡಿ ಎಬ್ಬಿಸ್ಬಾರ್ದು" ಎನ್ನುತ್ತಿದ್ದ. ಅವನು ಬರೆದ ಳ ನೋಡಿದರೆ ಹಾಗೆಯೇ ಕಾಣುತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಕಡೂರಿನ ಫ್ಲೆಕ್ಸ್ ಅಂಗಡಿಯವರು, "ನಿಮ್ ಅಕ್ಷರಾನೇ ಹಾಕ್ತೀವಿ ರುದ್ರಣ್ಣ, ಕಂಪ್ಯೂಟರಲ್ಲಿ ಬರ್ದು ಫೈಲ್ ತನ್ನಿ" ಎಂದರು. ಬೇರೆಯವರಾಗಿದ್ದರೆ ಬೈದುಕೊಂಡು ಮನೆ ಸೇರುತ್ತಿದ್ದರು. ಅರವತ್ತರ ಹತ್ತಿರವಿದ್ದ ಅಣ್ಣ ನೇರವಾಗಿ ತರೀಕೆರೆಗೆ, ನನ್ನ ಅಂಗಡಿಗೆ ಬಂದು "ಲೇ, ನಂಗೊಂದು ಕಂಪ್ಯೂಟರ್ ಕೊಡು" ಎಂದ.

ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವನು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರಿಂದ ನೆಂಟರಲ್ಲೆಲ್ಲ ಕಂಪ್ಯೂಟರ್ ಬಲ್ಲವನು ಎಂಬ ಹೆಸರಿತ್ತು. ಆ ಹೆಸರು ನನಗೆ ಬಹಳ ಹಿತವಾಗಿತ್ತು. ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿಗೆ, ವಿಂಡೋಸ್ ಬದಲು, ಹಗುರವಾಗಿ ಓಡುತ್ತದೆಂದು ಯಾರೋ ಹೇಳಿದ ಲಿನಕ್ಸ್ ಹಾಕಿ, ಕೇಳಿದ ಕಡೆ ಒಂದು ಪಾಸ್‌ವರ್ಡ್ ಒತ್ತಿ ಕೊಟ್ಟುಬಿಟ್ಟೆ. ಆನ್ ಮಾಡಿದರೆ ಏನೂ ಕೇಳದೆ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಆ ಪಾಸ್‌ವರ್ಡನ್ನು ನಾನು ಮತ್ತೆ ನೆನೆಯಲೇ ಇಲ್ಲ.

ಅಣ್ಣನ ಪಾಡು ಅಲ್ಲಿಂದ ಶುರುವಾಯಿತು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಎಂದು ಮೊದಲು ಇಳಿಸಿಕೊಂಡದ್ದು ವಿಂಡೋಸಿನದು. ಲಿನಕ್ಸಿನಲ್ಲಿ ಅದು ಎಷ್ಟು ಒತ್ತಿದರೂ ಮಿಸುಕಲಿಲ್ಲ. ಇನ್ನೊಂದನ್ನು ಬಿಚ್ಚಿದರೆ ಒಳಗೆ ರಾಶಿ ಫೈಲುಗಳು, ಯಾವುದನ್ನು ಒತ್ತಬೇಕೆಂದೇ ತಿಳಿಯದು. "ಇದೇನೋ, ಬಣ್ಣ ಕೇಳಿದ್ರೆ ಎಣ್ಣೆ ಬೇರೆ, ಪುಡಿ ಬೇರೆ, ಡಬ್ಬ ಬೇರೆ ಕೊಟ್ಟವ್ರೆ" ಎಂದು ಫೋನಿನಲ್ಲಿ ನಕ್ಕ. ಕೊನೆಗೆ ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಹಾಕಿಸಿಕೊಳ್ಳುವ ದಾರಿ ಹಿಡಿದ. ಅದು ಪಾಸ್‌ವರ್ಡ್ ಕೇಳಿತು.

ನಾನು ಅಜ್ಜಂಪುರಕ್ಕೆ ಹೋದೆ. ಅವ್ವನ ಹೆಸರು, ಜೊತೆಗೆ ನನ್ನ ಬೈಕ್ ನಂಬರು ಎಂದು ಹೇಳಿದೆ. ಅಣ್ಣ ಒಂದೇ ಬೆರಳಲ್ಲಿ ಒತ್ತತೊಡಗಿದ. ಆ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಒತ್ತುವಾಗ ಅಕ್ಷರವಿರಲಿ, ಚುಕ್ಕೆ ಕೂಡ ಕಾಣುವುದಿಲ್ಲ.

"ಏನೂ ಬೀಳ್ತಿಲ್ವಲ್ಲೋ?"

"ಬೀಳ್ತದೆ ಅಣ್ಣ, ಕಾಣಲ್ಲ ಅಷ್ಟೆ."

"ಕಾಣ್ದಂಗೆ ಬರೆಯೋದು ನಾನೆಲ್ಲೂ ನೋಡಿಲ್ಲ ಕಣಪ್ಪ."

ತಪ್ಪು ಎಂದಿತು. ಮತ್ತೆ ಒತ್ತಿದ, ಮತ್ತೆ ತಪ್ಪು. ಅವನು ಒತ್ತುತ್ತಿದ್ದ ಒಂದೊಂದು ಕೀಯನ್ನೂ ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ, ಒಂದೂ ತಪ್ಪಿರಲಿಲ್ಲ. ಅಂಗಡಿಯಲ್ಲಿ ಅಂದು ನಾನು ಬೇರೇನೋ ಒತ್ತಿದ್ದೆನೆಂದು ಆಗ ತಿಳಿಯಿತು. ಕಾಫಿ ಹಿಡಿದು ನಿಂತಿದ್ದ ಅತ್ತಿಗೆ, "ನಿಮ್ ತಮ್ಮಂಗೆ ಗೊತ್ತಿಲ್ದಿರೋದಾ? ನೀವೇ ಸರಿಯಾಗ್ ಒತ್ರೀ" ಎಂದರು. ನನ್ನ ಬಾಯಿಂದ ಬಂದುಬಿಟ್ಟಿತು: "ನಿನ್ ಬೆರಳು ಪಕ್ಕಕ್ಕೆ ಬೀಳ್ತಿದೆ ಅಣ್ಣ."

ಅಣ್ಣ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಕೆಲವು ದಿನಗಳಲ್ಲೇ ಬುಕ್ಕಾಂಬುಧಿಯ ಮೇಷ್ಟ್ರು ಬಂದು ಶಾಲೆಯ ಗೋಡೆ ಬರೆಯಲು ಕರೆದರಂತೆ. "ಬ್ಯಾಡಿ ಮೇಷ್ಟ್ರೇ, ಬೆರಳು ಇಟ್ಟಲ್ಲಿ ಬೀಳ್ತಿಲ್ಲ" ಎಂದು ಕಳಿಸಿಬಿಟ್ಟನಂತೆ. ಅತ್ತಿಗೆ ಫೋನಿನಲ್ಲಿ ಇದನ್ನು ಹೇಳಿದರು. ಆಗಲೂ ನಾನು ಹ್ಞೂಂಗುಟ್ಟಿ ಸುಮ್ಮನಾದೆ.

ಕಂಪ್ಯೂಟರನ್ನು ಮಾತ್ರ ಅಣ್ಣ ಬಿಡಲಿಲ್ಲ. ಪಾಸ್‌ವರ್ಡೇ ಬೇಡದ ಒಂದು ಬಗೆಯ ಫೈಲ್ ಇದೆಯೆಂದು ಎಲ್ಲೋ ನೋಡಿ ಇಳಿಸಿಕೊಂಡ. ಅದೂ ತೆರೆಯಲಿಲ್ಲ. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಆ ಫೈಲಿನ ವಿವರದ ಸಾಲುಗಳನ್ನೆಲ್ಲ ಓದುತ್ತಾ ಹೋಗಿ, ಅದನ್ನು ಓಡಿಸಲು ಅನುಮತಿ ಕೊಡುವ ಖಾಲಿ ಚೌಕವೊಂದನ್ನು ಕಂಡು ಟಿಕ್ ಹಾಕಿದ. ತೆರೆದುಕೊಂಡಿತು. "ಬೀಗಾನೇ ಇರ್ಲಿಲ್ಲ ಕಣೋ, ಚಿಲ್ಕ ಹಾಕಿತ್ತು ಅಷ್ಟೆ" ಎಂದ. ಅದರಲ್ಲಿ ಅವನು ಮೊದಲು ಬಿಡಿಸಿದ್ದು ಳ. ಸಿಂಗಟಗೆರೆಯ ಎಳನೀರು ಅಂಗಡಿಯ ಫ್ಲೆಕ್ಸಿನಲ್ಲಿ ಆ ಎಮ್ಮೆ ಈಗಲೂ ನೆಮ್ಮದಿಯಾಗಿ ಮಲಗಿದೆ.

ಆದರೆ ಅಣ್ಣ ಮತ್ತೆ ಏಣಿ ಹತ್ತಲಿಲ್ಲ. ಖಾಲಿ ಗೋಡೆ ಕಂಡರೆ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಅವನನ್ನು ಕಡೆಯ ಸಲ ನೋಡಿದ್ದು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ. ಎದೆನೋವಿಗೆ ತೋರಿಸಲು ಹುಬ್ಬಳ್ಳಿಯ ಮಗಳ ಮನೆಗೆ ಹೊರಟಿದ್ದ. ಅಲ್ಲಿಂದ ಅವನು ತಿರುಗಿ ಬರಲಿಲ್ಲ. ರೈಲಿಗೆ ಇನ್ನೂ ಹೊತ್ತಿತ್ತು. ಊರಿನ ಹೆಸರಿದ್ದ ಹಳದಿ ಬೋರ್ಡನ್ನು ನೋಡುತ್ತಾ ನಿಂತು, "ಒತ್ತಿಗೆ ಜಾಗ ಸಾಲ್ದು" ಎಂದ. ಬೆರಳು ತಾನಾಗಿ ಮೇಲೆದ್ದಿತು. ಅಣ್ಣ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ನಾನು ಆ ಕೈಯನ್ನು ಹಿಡಿದು ಹೊರಗೆ ತೆಗೆದೆ.

"ಏನ್ಲೇ?" ಎಂದ.

"ಅವತ್ತು ನಿನ್ ಬೆರಳು ಸರಿಯಾಗೇ ಬಿದ್ದಿತ್ತು ಅಣ್ಣ. ಪಾಸ್‌ವರ್ಡ್ ಮರ್ತಿದ್ದು ನಾನು. ಅತ್ತಿಗೆ ಮುಂದೆ ಹೇಳಕ್ಕೆ ನಾಚ್ಕೆ ಆಯ್ತು. ತಪ್ಪಾಯ್ತು ಕಣಣ್ಣ."