ಕಡಲಲ್ಲಿಲ್ಲದ ಮೀನು

"ಅಮ್ಮಾ, ಗೇಶೆ ಅಜ್ಜಿ ಮೀನಿನ ಮೇಲೆ ಯಾಕೆ ಬಟ್ಟೆ ಹೊದಿಸಿದ್ರು?"

ಹೋಟೆಲಿನಿಂದ ಹೊರಬಂದು ಎಲ್ಬೆ ನದಿಯ ದಂಡೆಯ ಬೆಂಚಿನಲ್ಲಿ ಕೂತಾಗ ಐದು ವರ್ಷದ ನೇಲೆ ಕೇಳಿದಳು. ಅವಳ ತಾಯಿ ವೀಬ್ಕೆಗೂ ಅದೇ ಪ್ರಶ್ನೆ. ಪಕ್ಕದ ಮನೆಯ ಮುದುಕಿ ಗೇಶೆಯನ್ನು ಹೋಟೆಲಿನವರು ಗೌರವದಿಂದ ಊಟಕ್ಕೆ ಕರೆದಿದ್ದರು. ಅವಳೊಬ್ಬಳೇ ಮೆಟ್ಟಿಲು ಹತ್ತಲಾರಳೆಂದು ವೀಬ್ಕೆ ಜೊತೆಗೆ ಬಂದಿದ್ದಳು. ಒಳಗೆ ಗೋಡೆಯ ಮೇಲೆ ಗೇಶೆಯ ತಾಯಿ ಮೆಟ್ಟಾಳ ಫೋಟೊ. ಗೇಶೆಯನ್ನು ಒಂದು ಮಾತೂ ಕೇಳದೆ ಅವಳ ತಂಗಿಯ ಮಗ ಕೊಟ್ಟದ್ದು. ಕೆಳಗೆ ಚಂದದ ಅಕ್ಷರದಲ್ಲಿ, 'ಪಾನ್‌ಫಿಶ್, ಬಾಣಲೆಮೀನು: ಕಪ್ತಾನರ ಹಬ್ಬದೂಟಕ್ಕೆ ನಮ್ಮ ಮೆಟ್ಟಾ ಇಟ್ಟ ಹೆಸರು.'

ಹುರಿದ ಮೀನು, ಆಲೂಗಡ್ಡೆ, ಸಾಸಿವೆ ಗೊಜ್ಜಿನ ತಟ್ಟೆ ಮುಂದಿಟ್ಟು, ನಿಮ್ಮಮ್ಮನ ಕೈರುಚಿ ಬಂದಿದೆಯೇ ಎಂದು ಹೋಟೆಲಿನ ಯಜಮಾನ ಗೇಶೆಯನ್ನು ವಿಚಾರಿಸಿದ್ದ.

"ನಮ್ಮಮ್ಮನ ಕೈ ಎಂಥದ್ದು ಅಂತ ನಿಮ್ಮಜ್ಜನಿಗೆ ಚೆನ್ನಾಗಿ ಗೊತ್ತಿತ್ತಪ್ಪ" ಎಂದು ಗೇಶೆ ಕೈವಸ್ತ್ರ ಬಿಡಿಸಿ ತಟ್ಟೆಯನ್ನು ಮುಚ್ಚಿದ್ದಳು. ಹೊಗಳಿಕೆಯೆಂದುಕೊಂಡು ಅವನು ನಕ್ಕಿದ್ದ.

ನೇಲೆ ಬಾತುಕೋಳಿಗಳ ಹಿಂದೆ ಓಡಿದ ಮೇಲೆ ಗೇಶೆ ಬಾಯಿಬಿಟ್ಟಳು. ಮಹಾಯುದ್ಧ ಮುಗಿದ ಮರುವರ್ಷದ ಚಳಿಗಾಲದಲ್ಲಿ ಮೆಟ್ಟಾ ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಉಂಡವರು ಬಿಟ್ಟ ಚೂರುಗಳ ಮುಳ್ಳು ಬಿಡಿಸಿ, ತಗಡಿನ ಡಬ್ಬಿಯಲ್ಲಿ ಮನೆಗೆ ತರುತ್ತಿದ್ದಳು. ತಂಗಳು ಆಲೂಗಡ್ಡೆಯ ಜೊತೆ ಬಾಣಲೆಗೆ ಹಾಕಿ, ವಾಸನೆ ಅಡಗಲೆಂದು ಮೇಲೆ ಸಾಸಿವೆ. ಇದು ಯಾವ ಮೀನು ಎಂದು ಮಕ್ಕಳು ಕೇಳಿದರೆ ಏನು ಹೇಳಿಯಾಳು? ನಾಲ್ಕು ಜನರ ತಟ್ಟೆಯ ಮೂರು ಜಾತಿಯ ಮೀನು. ಬಾಣಲೆಮೀನು ಎನ್ನುತ್ತಿದ್ದಳು. ಆ ದಂಡೆಯಲ್ಲಿ ಇನ್ನೆಷ್ಟು ತಾಯಂದಿರು ಹಾಗೆ ಅಂದಿದ್ದರೋ.

ಒಂದು ದಿನ ಈ ಯಜಮಾನನ ಅಜ್ಜ, ಆಗಿನ ಹೋಟೆಲಿನೊಡೆಯ, ಆ ಡಬ್ಬಿಯನ್ನು ಎಲ್ಲರೆದುರು ನೆಲಕ್ಕೆ ಬೋರಲು ಹಾಕಿದ. ಅಂದಿನಿಂದ ಅವಳು ಕಳ್ಳಿ ಮೆಟ್ಟಾ. ಬೇರೆ ಯಾವ ಅಡುಗೆಮನೆಯೂ ಅವಳನ್ನು ಸೇರಿಸಲಿಲ್ಲ. ಸಾಯುವತನಕ ಬಂದರಿನ ದಕ್ಕೆಯ ಚಳಿಯಲ್ಲಿ ಮೀನಿನ ಕರುಳು ತೆಗೆದಳು.

"ಎಂಜಲು ಕದ್ದಳು ಅಂತ ಓಡಿಸಿದ್ರು. ಈಗ ಅದೇ ಎಂಜಲಿಗೆ ಅವಳ ಮುಖ ಬೇಕಾಯ್ತು."

ಯಜಮಾನನಿಗೆ ಒಂದು ಕಾಗದ ಬರೆದು ಆ ಸಾಲು ತಿದ್ದಿಸೋಣವೆಂದಳು ವೀಬ್ಕೆ.

"ತಿದ್ದಿ ಏನಂತ ಬರೀತಾರೆ? ಕಳ್ಳಿ ಅಂತಲೇ?"

ಅಷ್ಟರಲ್ಲಿ ನೇಲೆ ಏದುಸಿರು ಬಿಡುತ್ತ ಬಂದು ನಿಂತಳು. ಗೇಶೆ ಅವಳ ತಲೆಯ ಉಣ್ಣೆ ಟೋಪಿ ತೆಗೆದು, ಮಡಿಸಿ, ತನ್ನ ಚೀಲದೊಳಗೆ ಹಾಕಿಕೊಂಡಳು.

"ನೀನು ಎತ್ತರ ಇದ್ದೀಯ, ವೀಬ್ಕೆ. ಮಗು ಟೋಪಿ ಮರೆತು ಬಂದಿದೆ ಅಂತ ಒಳಗೆ ಹೋಗು. ನಮ್ಮಮ್ಮನ್ನ ಆ ಗೋಡೆಯಿಂದ ಇಳಿಸಿ ತಂದ್ಕೊಡು."