ಲ್ಯಾಪ್‌ಟಾಪಿನಲ್ಲಿ ಉಳಿದ ಮುನಿವೆಂಕಟಪ್ಪನ ದನಿ

ಕುರಿ ಮೇಯಿಸುವ ಮುನಿವೆಂಕಟಪ್ಪ ತಮಿಳುನಾಡಿನ ಪೆನ್ನಾಗರಂ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು, ಕಂಬಳಿಯಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ಸೇಲಂನಲ್ಲಿ ಗಂಟಲಿನ ಆಪರೇಷನ್ ಆದಮೇಲೆ ಅವನಿಗೆ ದನಿಯೇ ಇಲ್ಲ. ಮಾತೆಲ್ಲ ಜೊತೆಗೆ ಬಂದಿದ್ದ ಹೆಂಡತಿ ಸಣ್ಣಕ್ಕನದು. ಮೊದಲೂ ಹಾಗೇ ಇತ್ತಂತೆ.

ಅವನ ಕುರಿಗಳು ಅವನ ಕೂಗಿಗೆ ಬಿಟ್ಟರೆ ಬೇರೆ ಯಾರ ಕೂಗಿಗೂ ಕಿವಿಗೊಡವು. ಮಗ ಸುರೇಶ್ ತಮಿಳಿನಲ್ಲೂ ಕೂಗಿ ನೋಡಿದ. ಪುಣ್ಯಕ್ಕೆ ಆಪರೇಷನ್ನಿಗೆ ಮುಂಚೆ ಮೊಮ್ಮಗಳು ಶಿವಲಕ್ಷ್ಮಿ, ಶಾಲೆಯಲ್ಲಿ ಸರ್ಕಾರ ಕೊಟ್ಟ ಈ ಲ್ಯಾಪ್‌ಟಾಪಿನ ಮುಂದೆ ತಾತನನ್ನು ಕೂರಿಸಿ ಕೂಗು ರೆಕಾರ್ಡ್ ಮಾಡಿಟ್ಟಿದ್ದಳು. ಸುರೇಶ್ ಅದನ್ನು ಕಾಡಂಚಿಗೆ ಹೊತ್ತೊಯ್ದು ಆ ಕೂಗು ಹಾಕಿದರೆ ಕುರಿ ಬರುತ್ತಿದ್ದವು. ಈಗ ಲ್ಯಾಪ್‌ಟಾಪೂ ಮೂಕವಾಗಿತ್ತು. ಇದು ಸರಿಹೋಗದಿದ್ದರೆ ಬರುವ ಸಂತೆಗೇ ಕುರಿ ಹೊಡೆದುಕೊಂಡು ಹೋಗಿ ಮಾರಿಬಿಡುತ್ತೇನೆ ಎಂದು ಸುರೇಶ್ ಹೇಳಿಬಿಟ್ಟಿದ್ದ.

ಫೈಲನ್ನು ಪೆನ್‌ಡ್ರೈವಿಗೆ ತೆಗೆದುಕೊಂಡರೆ ಮುಗಿಯಿತು ಎಂದೆ. ಸಣ್ಣಕ್ಕ ಒಪ್ಪಲಿಲ್ಲ.

"ಏನೂ ತೆಗೀಬ್ಯಾಡಪ್ಪಾ. ಸೇಲಂ ಡಾಕ್ಟ್ರೂ ಒಸಿ ತೆಗೀತೀನಿ ಅಂತ್ಲೇ ತೆಗ್ದಿದ್ದು."

ಪೆನ್‌ಡ್ರೈವನ್ನು ಮತ್ತೆ ಡ್ರಾಯರಿನಲ್ಲಿಟ್ಟೆ. ರೆಕಾರ್ಡಿಂಗ್ ಹಾಕಿದೆ. ಪರದೆಯ ಮೇಲೆ ಹಸಿರು ಗೆರೆ ಏರಿಳಿಯುತ್ತಿತ್ತು, ದನಿ ಮಾತ್ರ ಇಲ್ಲ. ವಾಲ್ಯೂಮ್ ಸರಿಯಿತ್ತು. ದನಿಯನ್ನು ಸ್ಪೀಕರಿಗೆ ಮುಟ್ಟಿಸುವ ಸಾಫ್ಟ್‌ವೇರಾದ ಆಡಿಯೋ ಡ್ರೈವರನ್ನು ಕಿತ್ತು ಮತ್ತೆ ಹಾಕಿದೆ. ಹಳೆಯದು ಹಾಕಿದೆ, ಹೊಸದು ಹಾಕಿದೆ. ಪ್ರತಿ ಸಲವೂ ಅದರದು ಒಂದೇ ಹಠ: ಇಯರ್‌ಫೋನ್ ಚುಚ್ಚಿದ್ದಾರೆ, ದನಿ ಅಲ್ಲಿಗೆ ಹೋಗುತ್ತಿದೆ. ಇಯರ್‌ಫೋನ್ ಎಲ್ಲಿತ್ತು? ಡ್ರೈವರಿಗೂ ಅದನ್ನು ಮಾಡಿದವರಿಗೂ ಬಾಯಿಗೆ ಬಂದಂತೆ ಬೈದೆ. ಕೊನೆಗೆ ಟಾರ್ಚ್ ಹಿಡಿದು ಇಯರ್‌ಫೋನಿನ ತೂತಿನೊಳಗೆ ನೋಡಿದೆ.

ಒಳಗೆ ಒಣಗಿದ ಗಂಧ, ಮೇಲೆ ಕುಂಕುಮ. ಆಯುಧಪೂಜೆಗೆ ಮಚ್ಚು, ಉಣ್ಣೆ ಕತ್ತರಿಯ ಪಕ್ಕದಲ್ಲಿ ಇದನ್ನೂ ಇಟ್ಟಿದ್ದರಂತೆ. ದನಿ ಬರುವ ಬಾಯಿ ಇದೇ ಇರಬೇಕೆಂದು ಮುನಿವೆಂಕಟಪ್ಪ ಆ ತೂತಿಗೆ ತಾನೇ ಗಂಧ ಮೆತ್ತಿದ್ದ. ಲ್ಯಾಪ್‌ಟಾಪು ಅದನ್ನು ಇಯರ್‌ಫೋನ್ ಎಂದುಕೊಂಡಿತ್ತು. ಅವನಿಗೂ ನಾಲ್ಕು ಬೈಯೋಣವೆಂದು ತಲೆಯೆತ್ತಿದರೆ, ಕೈಮುಗಿದುಕೊಂಡು ನಿಂತಿದ್ದ. ನನಗಲ್ಲ, ಲ್ಯಾಪ್‌ಟಾಪಿಗೆ. ಬೈಯಲು ಮನಸ್ಸು ಬರಲಿಲ್ಲ.

ಪಿನ್ನಿನಿಂದ ಕೆರೆದು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಮತ್ತೆ ಹಾಕಿದೆ. "ಟುರ್ರ್... ಬಾ ಬಾ ಬಾ" ಎಂದು ಅಂಗಡಿ ತುಂಬ ಕೂಗು ಎದ್ದಿತು. ಸುರೇಶ್ ಕುರಿ ಬಂದ ಕೂಡಲೇ ಮುಚ್ಚಿಬಿಡುತ್ತಿದ್ದನಂತೆ. ಹಾಗಾಗಿ ಪೂರ್ತಿ ಯಾರೂ ಕೇಳಿರಲಿಲ್ಲ. ನಾನು ನಿಲ್ಲಿಸಲಿಲ್ಲ. ಕೂಗಿ ಕೂಗಿ ಮುನಿವೆಂಕಟಪ್ಪ ಕೆಮ್ಮಿದ್ದೂ ಅದರಲ್ಲಿತ್ತು. ಕೆಮ್ಮಿನ ಹಿಂದೆಯೇ ಮಾತು ಬಂತು.

"ಲೇ ಸಣ್ಣಿ, ಒಸಿ ನೀರ್ ತತ್ತಾ."

ಬೆಂಚಿನ ಮೇಲಿದ್ದ ಸಣ್ಣಕ್ಕ ತಟ್ಟನೆ ಎದ್ದು, ನನ್ನ ನೀರಿನ ಬಾಟಲಿ ತೆಗೆದು ಗಂಡನ ಮುಂದೆ ಹಿಡಿದಳು. ಅವನೂ ಇಸಕೊಂಡು ಕುಡಿದ. ಆಮೇಲೆ ಅವಳಿಗೆ ಹೊಳೆಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ನನಗೂ ಅಳು ಬಂತು. ಡ್ರೈವರ್ ನೋಡುವವನಂತೆ ಪರದೆಯ ಕಡೆ ತಿರುಗಿದೆ.

ಇನ್ನೊಂದು ಸಲ ಹಾಕು ಎಂದಳು. ಮೊದಲಿಂದ ಹಾಕಿದೆ. ಕೈ ಅಡ್ಡ ತಂದು ತಡೆದಳು.

"ಕುರಿದು ಬ್ಯಾಡಪ್ಪಾ. ನನ್ನ ಕೂಗಿದ್ದು ಆಕು."